ಬಾಗದ ಕಡೆ ಕೆರೆಯಬೇಕು

ನಮ್ಮ ಮನೆಯ ಉರ್ದುವಿನಲ್ಲಿ 'ಕಮಾನ್' ಎಂದರೆ ಬಿಲ್ಲು. ಶಾಲೆಯ ಕನ್ನಡದಲ್ಲಿ 'ಕಮಾನು' ಎಂದರೆ ಕಟ್ಟಡದ ಬಾಗು. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ನಮ್ಮನ್ನು ಬಿಜಾಪುರದ ಬಾರಾ ಕಮಾನ್ ನೋಡಲು ಕರೆದುಕೊಂಡು ಹೋಗಿದ್ದರು. 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್‌ಶಾಹನ ಅಪೂರ್ಣ ಗೋರಿ ಅದು. ಹನ್ನೆರಡು ಬಿಲ್ಲುಗಳನ್ನು ನೋಡುವ ಆಸೆಯಿಂದ ಹೋದ ನನಗೆ ಕಂಡದ್ದು ಆಕಾಶಕ್ಕೆ ತೆರೆದುಕೊಂಡು ನಿಂತ ಕಪ್ಪು ಕಲ್ಲಿನ ಸಾಲು. "ಬಿಲ್ಲು ಎಲ್ಲಿ ಅದಾವ್ರೀ ಸರ?" ಎಂದು ಕೇಳಿ ನಗೆಪಾಟಲಿಗೀಡಾದೆ. ಎರಡೂ ಒಂದೇ ಮಾತು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಪಾರಸಿಯ ಬಿಲ್ಲು ಕನ್ನಡಕ್ಕೆ ಬಂದು ಕಲ್ಲಾಗಿ ನಿಂತಿತು. ಗಡಿಯಾರದೊಳಗಿನ ಉಕ್ಕಿನ ಸುರುಳಿಯೂ ಆಯಿತು. ಬಾಗಿಯೂ ಮುರಿಯದೆ ಬಲ ಹಿಡಿದಿಟ್ಟುಕೊಳ್ಳುವ ವಸ್ತುಗಳಿಗೆ ನಮ್ಮ ಜನ ಆ ಹೆಸರು ಕೊಟ್ಟರು.

ಹೆಸರು ಉಳಿಯಿತು, ಬಿಲ್ಲು ಮಾಡುತ್ತಿದ್ದ ಕೈ ಮರೆಯಾಯಿತು. ಉರ್ದುವಿನಲ್ಲಿ ಅವನು ಕಮಾನ್‌ಗರ್. ಗುಜರಾತಿನ ಕಛ್‌ನಲ್ಲಿ ಇದೇ ಹೆಸರಿನ ಮುಸ್ಲಿಂ ಸಮುದಾಯವಿದೆ. ಬಿಲ್ಲಿಗೆ ಬೆಲೆ ಹೋದ ಮೇಲೆ ಅವರು ಕುಂಚ ಹಿಡಿದರು. ಅಲ್ಲಿನ ಹಳೆಯ ಮನೆ, ಗುಡಿಗಳ ಗೋಡೆಗಳ ಮೇಲೆ ಅವರು ಬರೆದ ಚಿತ್ರಗಳನ್ನು ಈಗಲೂ 'ಕಮಾನ್‌ಗರಿ' ಎಂದೇ ಕರೆಯುತ್ತಾರೆ. ಉರ್ದು ನಿಘಂಟಿನಲ್ಲಿ ಕಮಾನ್‌ಗರ್ ಪದಕ್ಕೆ ಇನ್ನೂ ಒಂದು ಅರ್ಥವುಂಟು: ಮುರಿದ ಮೂಳೆ ಕೂಡಿಸುವವನು. ಬಿಲ್ಲು ಮಾಡುವವನು ಮೂಳೆ ಕೂಡಿಸುವವನು ಹೇಗಾದ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಅದಕ್ಕೆ ಉತ್ತರದಂಥದ್ದು ಸಿಕ್ಕಿದ್ದು ನಮ್ಮ ದೇಶದಲ್ಲಲ್ಲ, ಅಮೆರಿಕದ ಒಬ್ಬ ವೈದ್ಯ ಮತ್ತು ಅವನ ಒಬ್ಬ ರೋಗಿಯ ಕಥೆಯಲ್ಲಿ. ಆ ಕಥೆಯನ್ನು ಹೇಳುವ ಮೊದಲು ಬಿಲ್ಲು ಹೇಗೆ ಬಿಲ್ಲಾಗುತ್ತದೆ ಎಂಬುದನ್ನು ಹೇಳಬೇಕು.

ಹತ್ತು ವರ್ಷದವನಿದ್ದಾಗ ಬಿದಿರು ಸೀಳಿ ಒಂದು ಬಿಲ್ಲು ಮಾಡಿದ್ದೆ. ಅದರ ಒಂದು ಕಡೆ ಚೆನ್ನಾಗಿ ಬಾಗುತ್ತಿತ್ತು, ಇನ್ನೊಂದು ಕಡೆ ಬಡಿಗೆಯಂತೆ ಬಿರುಸಾಗಿತ್ತು. ಬಾಗುವ ಕಡೆ ಇನ್ನಷ್ಟು ಬಾಗಲಿ ಎಂದು ಅಲ್ಲಿಯೇ ಚಾಕುವಿನಿಂದ ಕೆರೆದೆ. ಹೆದೆ ಎಳೆದ ಕೂಡಲೇ ಅಲ್ಲಿಯೇ ಲಟ್ಟನೆ ಮುರಿಯಿತು. ಓಣಿಯ ಮೂಲೆಯಲ್ಲಿ ಬಾಗಿಲ ಚೌಕಟ್ಟು ಮಾಡುತ್ತ ಕುಳಿತಿದ್ದ ಮುದುಕ ಬಡಿಗೇರ ಕಾಕಾ ತುಂಡನ್ನು ಕೈಗೆ ತೆಗೆದುಕೊಂಡು ನೋಡಿ, "ತಮ್ಮಾ, ಬಾಗೂ ಕಡೆ ಯಾಕ ಕೆರದಿ? ಅದು ಮೊದಲ ಸೋತಿತ್ತು. ಬಾಗದ ಕಡೆ ಕೆರೀಬೇಕಿತ್ತು" ಎಂದರು. ಅವರು ಬದುಕಿನಲ್ಲಿ ಬಿಲ್ಲು ಮಾಡಿದವರಲ್ಲ. ಆದರೆ ಜಗತ್ತಿನ ಬಿಲ್ಲುಗಾರರೆಲ್ಲ ಸಾವಿರಾರು ವರ್ಷ ನಂಬಿಕೊಂಡು ಬಂದ ನಿಯಮವನ್ನೇ ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಬಿಲ್ಲಿಗೂ ಬೆನ್ನು, ಹೊಟ್ಟೆ ಇವೆ. ಹೊಡೆಯುವವನ ಎದುರಿಗಿರುವ ಒಳಮೈ ಹೊಟ್ಟೆ, ಗುರಿಯ ಕಡೆಗಿರುವ ಹೊರಮೈ ಬೆನ್ನು. ಹೆದೆ ಎಳೆದಾಗ ಬೆನ್ನಿನ ಮರ ಹಿಗ್ಗುತ್ತದೆ, ಹೊಟ್ಟೆಯ ಮರ ಕುಗ್ಗುತ್ತದೆ. ಹಿಗ್ಗುವ ಕಡೆ ಮರದ ನಾರು ಒಂದೇ ಒಂದು ಕಡೆ ಕಡಿದಿದ್ದರೂ ಬಿಲ್ಲು ಅಲ್ಲಿಂದ ಸಿಡಿಯುತ್ತದೆ. ಆದ್ದರಿಂದ ಬಲ್ಲವರು ಬೆನ್ನಿಗೆ ಒಂದೇ ವರ್ಷದ ಬೆಳವಣಿಗೆಯ ಉಂಗುರವನ್ನು ತುದಿಯಿಂದ ತುದಿಯವರೆಗೆ ಮುಟ್ಟದೆ ಉಳಿಸಿಕೊಳ್ಳುತ್ತಾರೆ. ಕೆರೆಯುವುದೆಲ್ಲ ಹೊಟ್ಟೆಯ ಕಡೆಯಿಂದಲೇ. ಮರವನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಹೊಡೆದು ಸೀಳುವುದು ಒಳ್ಳೆಯದು. ಗರಗಸ ತನ್ನ ದಾರಿಯಲ್ಲಿ ಹೋಗುತ್ತದೆ, ಬೆಣೆ ನಾರಿನ ದಾರಿಯಲ್ಲಿ ಹೋಗುತ್ತದೆ.

ಒರಟು ರೂಪ ಬಂದ ಮೇಲೆ ನಿಜವಾದ ಕೆಲಸ ಶುರು. ಇಂಗ್ಲಿಷಿನಲ್ಲಿ ಇದಕ್ಕೆ ಟಿಲ್ಲರಿಂಗ್ ಎನ್ನುತ್ತಾರೆ. ನಮ್ಮ ರೈತರ ಟಿಲ್ಲರಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಟಿಲ್ಲರ್ ಎಂದರೆ ಅಂಗುಲ ಅಂಗುಲಕ್ಕೆ ಕಚ್ಚು ಕೊರೆದ ಒಂದು ಕೋಲು. ಅದರ ತಲೆಯ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಹೆದೆಯನ್ನು ಎಳೆದು ಒಂದು ಕಚ್ಚಿಗೆ ಸಿಕ್ಕಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಬೇಕು. ಎರಡು ತೋಳುಗಳೂ ಸಮನಾಗಿ ಬಾಗುತ್ತಿವೆಯೇ? ಎಲ್ಲಿಯಾದರೂ ಚಪ್ಪಟೆಯಾಗಿ ನಿಂತಿದೆಯೇ? ಎಲ್ಲಿಯಾದರೂ ಬಾಗಿಲ ತಿರುಗಣಿಯಂತೆ ಒಂದೇ ಕಡೆ ಮಡಚುತ್ತಿದೆಯೇ? ಚಪ್ಪಟೆ ನಿಂತ ಕಡೆ ಸೀಸಕಡ್ಡಿಯಿಂದ ಗುರುತು ಹಾಕಿ, ಅಲ್ಲಿ ಮಾತ್ರ ಸ್ವಲ್ಪ ಕೆರೆಯಬೇಕು. ಮತ್ತೆ ಹೆದೆ ಕಟ್ಟಿ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟು ಮತ್ತೆ ನೋಡಬೇಕು. ಕೆರೆದದ್ದರ ಫಲ ಕೂಡಲೇ ಕಾಣುವುದಿಲ್ಲ, ಮರಕ್ಕೆ ಅದು ತಿಳಿಯಲು ಸಮಯ ಬೇಕು. ತೋಳು ಸಮವಾಗುವ ತನಕ ಇನ್ನೊಂದು ಕಚ್ಚು ಮುಂದೆ ಎಳೆಯುವ ಹಾಗಿಲ್ಲ.

ಈ ಕೆಲಸದಲ್ಲಿ ಮರಕ್ಕೆ ಮರ ಸೇರಿಸಲು ಬರುವುದಿಲ್ಲ, ತೆಗೆಯಲು ಮಾತ್ರ ಬರುತ್ತದೆ. ಸೋತ ಜಾಗವನ್ನು ಗಟ್ಟಿ ಮಾಡಲು ಬಿಲ್ಲುಗಾರನ ಕೈಯಲ್ಲಿ ಏನೂ ಇಲ್ಲ. ಅವನು ಮಾಡಬಹುದಾದದ್ದು ಒಂದೇ, ಸೆಟೆದು ನಿಂತ ಜಾಗಗಳಿಂದ ಮರ ತೆಗೆದು ಅವೂ ಭಾರ ಹೊರುವಂತೆ ಮಾಡುವುದು. ಹೀಗೆ ಮಾಡಿದಾಗ ಇಡೀ ಬಿಲ್ಲಿನ ಬಲ ಸ್ವಲ್ಪ ಇಳಿಯುತ್ತದೆ, ಆದರೆ ಬಿಲ್ಲು ಉಳಿಯುತ್ತದೆ. ಮರೆಯಬಾರದ ಇನ್ನೂ ಒಂದು ಸಂಗತಿಯಿದೆ. ಸಮ ಎಂದರೆ ಒಂದೇ ಅಳತೆ ಎಂದಲ್ಲ. ಇಂಗ್ಲಿಷ್ ಮಾದರಿಯ ಬಿಲ್ಲಿನಲ್ಲಿ ಹಿಡಿ ನಡುವಿಗಿಂತ ತುಸು ಕೆಳಗಿರುವುದರಿಂದ ಕೆಳತೋಳು ಗಿಡ್ಡ. ಅದನ್ನು ಮೇಲ್ತೋಳಿಗಿಂತ ಒಂದಿಷ್ಟು ಗಟ್ಟಿಯಾಗಿಯೇ ಬಿಡುತ್ತಾರೆ. ಇಬ್ಬರೂ ತಮ್ಮ ತಮ್ಮ ಪಾಲಿನ ಭಾರ ಹೊರಬೇಕು ಎಂಬುದಷ್ಟೇ ಲೆಕ್ಕ.

ಮರದ ಬಿಲ್ಲನ್ನು ರಾಜ್ಯದ ಬಲವನ್ನಾಗಿ ಮಾಡಿಕೊಂಡ ದೇಶ ಇಂಗ್ಲೆಂಡ್. ಅಲ್ಲಿಯವರಿಗೆ ಪ್ರಿಯವಾದದ್ದು ಯೂ ಎಂಬ ಮರ. ಅದರ ಹೊರಗಿನ ಬಿಳಿ ಮರ ಹಿಗ್ಗುವುದಕ್ಕೆ, ಒಳಗಿನ ಕೆಂಪು ಚೇಗು ಕುಗ್ಗುವುದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ತಮ್ಮಲ್ಲಿಯ ಮರ ಸಾಲದೆ 1472ರಲ್ಲಿ ಅಲ್ಲಿನ ಸಂಸತ್ತು, ಹೊರಗಿನಿಂದ ಸರಕು ತರುವ ಹಡಗುಗಳು ಬಿಲ್ಲಿನ ಕೋಲುಗಳನ್ನೂ ತರಲೇಬೇಕೆಂದು ಕಾಯಿದೆ ಮಾಡಿತು. 1545ರಲ್ಲಿ ರೋಜರ್ ಆಸ್ಕಮ್ ಎಂಬ ವಿದ್ವಾಂಸ ಬಿಲ್ವಿದ್ಯೆಯ ಮೇಲೆ 'ಟಾಕ್ಸೋಫಿಲಸ್' ಎಂಬ ಪುಸ್ತಕ ಬರೆದ. ಮುಂದೆ ರಾಣಿಯಾದ ಎಲಿಜಬೆತ್‌ಗೆ ಪಾಠ ಹೇಳಿದವನು ಇವನೇ. ಹೊಸ ಬಿಲ್ಲನ್ನು ಬಯಲಿಗೆ ಒಯ್ದು ಹೊಡೆದು, ಅದು ಎಲ್ಲಿ ಹೆಚ್ಚು ಬಾಗುತ್ತದೆ ಎಂದು ನೋಡಿ, ಆ ಜಾಗ ಸೀಳುವ ಮೊದಲೇ ಎಚ್ಚರ ವಹಿಸಬೇಕು ಎಂದು ಅವನು ಬುದ್ಧಿ ಹೇಳುತ್ತಾನೆ.

ಅದೇ 1545ರ ಜುಲೈ 19ರಂದು ಎಂಟನೆಯ ಹೆನ್ರಿಯ 'ಮೇರಿ ರೋಸ್' ಎಂಬ ಯುದ್ಧನೌಕೆ ಫ್ರೆಂಚರೊಂದಿಗಿನ ಕಾಳಗದಲ್ಲಿ ಮುಳುಗಿತು. ಅದರ ಅವಶೇಷವನ್ನು ಮೇಲೆತ್ತಿದ್ದು 1982ರಲ್ಲಿ. ಕೆಸರಿನಲ್ಲಿ ಕೆಡದೆ ಉಳಿದಿದ್ದ ನೂರಕ್ಕೂ ಹೆಚ್ಚು ಇಡೀ ಬಿಲ್ಲುಗಳು, 3500ಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಆಳೆತ್ತರಕ್ಕೂ ಮಿಗಿಲಾದ ಆ ಬಿಲ್ಲುಗಳನ್ನು ಎಳೆಯಲು 100 ಪೌಂಡಿಗೂ ಹೆಚ್ಚಿನ ಬಲ ಬೇಕಿತ್ತೆಂದು ಬಲ್ಲವರ ಅಂದಾಜು. ಅದೇ ಹಡಗಿನಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಕೆಲವರ ಹೆಗಲಿನ ಮೂಳೆ ಪೂರ್ತಿ ಕೂಡಿಕೊಂಡಿರಲಿಲ್ಲ. ಎಳೆತನದಿಂದ ಭಾರಿ ಬಿಲ್ಲು ಎಳೆದದ್ದರ ಗುರುತು ಅದಿರಬಹುದು ಎನ್ನುತ್ತಾರೆ. ಮನುಷ್ಯ ಮರವನ್ನು ಬಾಗಿಸಿದ, ಮರ ಮನುಷ್ಯನ ಮೂಳೆಯನ್ನು ಬದಲಿಸಿತು. 1595ರಲ್ಲಿ ಅಲ್ಲಿನ ಸರಕಾರ ತನ್ನ ನಾಗರಿಕ ಪಡೆಗಳಿಗೆ ಬಿಲ್ಲು ಇನ್ನು ಬೇಡ, ಬಂದೂಕು ಸಾಕು ಎಂದಿತು. ಯುದ್ಧದ ಬಿಲ್ಲು ಮಾಡುವವನ ಕಾಲ ಮುಗಿಯತೊಡಗಿತು.

ಬಂದೂಕು ಬಿಲ್ಲನ್ನಷ್ಟೇ ಅಲ್ಲ, ಬಿಲ್ಲು ಹಿಡಿದ ಜನರನ್ನೂ ಮುಗಿಸಿದ ಇತಿಹಾಸ ಅಟ್ಲಾಂಟಿಕ್‌ನ ಆಚೆಗಿದೆ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂಗಾರ ಸಿಕ್ಕಿತು. ಲಕ್ಷಾಂತರ ಜನ ಅಲ್ಲಿಗೆ ನುಗ್ಗಿದರು. ಇತಿಹಾಸಕಾರ ಬೆಂಜಮಿನ್ ಮ್ಯಾಡ್ಲಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1846ರಿಂದ 1873ರ ನಡುವೆ ಅಲ್ಲಿಯ ಮೂಲನಿವಾಸಿಗಳ ಸಂಖ್ಯೆ ಸುಮಾರು ಒಂದೂವರೆ ಲಕ್ಷದಿಂದ ಮೂವತ್ತು ಸಾವಿರಕ್ಕೆ ಇಳಿಯಿತು. ರೋಗ, ಹಸಿವು ಮಾತ್ರ ಇದಕ್ಕೆ ಕಾರಣವಲ್ಲ. ಗುಂಪು ಕಟ್ಟಿಕೊಂಡು ಹೋಗಿ ಕೊಂದವರಿಗೆ ಸರಕಾರದ ಖಜಾನೆಯಿಂದ ಹಣ ಸಂದಿತು. 2019ರಲ್ಲಿ ಆ ರಾಜ್ಯದ ಗವರ್ನರ್ ಇದನ್ನು ಜನಾಂಗಹತ್ಯೆ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದರು.

ಆ ರಾಜ್ಯದ ಉತ್ತರದಲ್ಲಿ, ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಎಂಬ ಎರಡು ಹೊಳೆಗಳ ಕಣಿವೆಗಳಲ್ಲಿ ಯಾಹಿ ಎಂಬ ಸಣ್ಣ ಬುಡಕಟ್ಟು ಇತ್ತು. 1860ರ ದಶಕದ ದಾಳಿಗಳಲ್ಲಿ ಅವರಲ್ಲಿ ಬಹುಪಾಲು ಜನ ಸತ್ತರು. ಉಳಿದ ಕೆಲವೇ ಮಂದಿ ಸುಮಾರು ನಲವತ್ತು ವರ್ಷ ಕಣಿವೆಯಲ್ಲಿ ಅಡಗಿ ಬದುಕಿದರು. 1908ರ ನವೆಂಬರ್‌ನಲ್ಲಿ ವಿದ್ಯುತ್ ಯೋಜನೆಗಾಗಿ ಅಳತೆ ಮಾಡುತ್ತ ಬಂದವರ ಕಣ್ಣಿಗೆ ಅವರ ಗುಡಿಸಲುಗಳು ಬಿದ್ದವು. ಅಲ್ಲಿ ಏಳಲಾಗದ ಒಬ್ಬ ಮುದುಕಿ ಕಂಬಳಿ ಹೊದ್ದು ಮಲಗಿದ್ದಳು, ಉಳಿದವರು ಓಡಿಹೋಗಿದ್ದರು. ಬಂದವರು ಬಿಲ್ಲು, ಬಾಣ, ಬುಟ್ಟಿ, ಚರ್ಮದ ಹೊದಿಕೆಗಳನ್ನು ನೆನಪಿನ ಕಾಣಿಕೆ ಎಂದು ಎತ್ತಿಕೊಂಡು ಹೋದರು. ಚಳಿಗಾಲದ ಬಾಗಿಲಲ್ಲಿ ಬೇಟೆಯ ಬಿಲ್ಲನ್ನು ಒಯ್ಯುವುದೆಂದರೆ ಏನೆಂದು ಅವರಿಗೆ ಅನ್ನಿಸಲಿಲ್ಲ. ಮುದುಕಿ ಬಹಳ ದಿನ ಬದುಕಲಿಲ್ಲ.

ಅವಳ ಮಗ 1911ರ ಆಗಸ್ಟ್ 29ರಂದು ಒರೊವಿಲ್ ಎಂಬ ಊರಿನ ಕಸಾಯಿಖಾನೆಯ ಹತ್ತಿರ ಸಿಕ್ಕ. ಸುಮಾರು ಐವತ್ತರ ವಯಸ್ಸು. ಹಸಿವಿನಿಂದ ಬಡಕಲಾಗಿದ್ದ. ಅವನ ಮಾತು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ವಾಟರ್‌ಮನ್ ಯಾನಾ ಭಾಷೆಯ ಪದಗಳ ಪಟ್ಟಿ ಹಿಡಿದುಕೊಂಡು ಬಂದು ಒಂದೊಂದಾಗಿ ಓದಿದ. ಒಂದು ಮರದ ಹೆಸರಿಗೆ ಅವನ ಮುಖ ಅರಳಿತಂತೆ. ಅವನನ್ನು ಸ್ಯಾನ್‌ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯ ಮ್ಯೂಸಿಯಮ್‌ಗೆ ಕರೆತಂದರು. ತನ್ನ ಹೆಸರನ್ನು ಅವನು ಕೊನೆಯವರೆಗೂ ಹೇಳಲಿಲ್ಲ. ಅವನ ಜನರಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ರೂಢಿ ಇರಲಿಲ್ಲ. ಹೇಳಬೇಕಾದವರು ಯಾರೂ ಉಳಿದಿರಲಿಲ್ಲ. ಮ್ಯೂಸಿಯಮ್‌ನ ಮುಖ್ಯಸ್ಥ ಕ್ರೋಬರ್ ಅವನನ್ನು ಇಶಿ ಎಂದು ಕರೆದ. ಅವರ ಭಾಷೆಯಲ್ಲಿ ಇಶಿ ಎಂದರೆ ಮನುಷ್ಯ.

ಮ್ಯೂಸಿಯಮ್‌ನ ಪಕ್ಕದಲ್ಲೇ ವೈದ್ಯಕೀಯ ಕಾಲೇಜಿತ್ತು. 1912ರಲ್ಲಿ ಅಲ್ಲಿಗೆ ಬಂದ ಶಸ್ತ್ರಚಿಕಿತ್ಸಕ ಸ್ಯಾಕ್ಸ್‌ಟನ್ ಪೋಪ್ ಇಶಿಗೆ ಮೊದಲು ವೈದ್ಯನಾದ, ಆಮೇಲೆ ಗೆಳೆಯನಾದ, ಕೊನೆಗೆ ಶಿಷ್ಯನಾದ. ಇಶಿ ಅವನನ್ನು 'ಕುವಿ' ಎನ್ನುತ್ತಿದ್ದ, ಎಂದರೆ ಮದ್ದು ಕೊಡುವವನು. ಇಶಿ ಬಿಲ್ಲು ಮಾಡುವುದನ್ನು ಪೋಪ್ ಪಕ್ಕದಲ್ಲಿ ಕೂತು ನೋಡಿದ, ತಾನೂ ಮಾಡಿದ, ಕಂಡದ್ದನ್ನೆಲ್ಲ ಬರೆದಿಟ್ಟ. ನಮಗೆ ಈ ಸಂಗತಿಗಳು ತಿಳಿದಿರುವುದು ಹಾಗೆ.

ಇಶಿಯ ಬಿಲ್ಲು ಬೆಟ್ಟದ ಜುನಿಪರ್ ಮರದ್ದು. ಟೊಂಗೆಯಿಂದ ಸೀಳಿ ತೆಗೆದ ಹೊರಪದರದ ಕೋಲು. ಉದ್ದದ ಅಳತೆ ಅವನ ಮೈಯಲ್ಲೇ ಇತ್ತು: ಅಡ್ಡ ಚಾಚಿದ ಕೈಯಿಂದ ಎದುರು ಬದಿಯ ಸೊಂಟದವರೆಗೆ, ಎಂದರೆ ಸುಮಾರು 42 ಅಂಗುಲ. ತೋಳಿನ ನಡುವೆ ಎರಡು ಅಂಗುಲ ಅಗಲ, ಅರ್ಧ ಅಂಗುಲ ದಪ್ಪ. ಕೆರೆದು, ಮರಳುಗಲ್ಲಿಗೆ ಉಜ್ಜಿ ಅದಕ್ಕೆ ರೂಪ ಕೊಡುತ್ತಿದ್ದ. ಕಾಯಿಸಿದ ಕಲ್ಲಿನ ಮೇಲೆ ತುದಿಗಳನ್ನು ಹಿಂದಕ್ಕೆ ಬಾಗಿಸಿ, ಇನ್ನೊಂದು ಮರಕ್ಕೆ ಕಟ್ಟಿ, ಕತ್ತಲೆಯ ಒಣ ಜಾಗದಲ್ಲಿ ಇಡುತ್ತಿದ್ದ. ಅಲ್ಲಿ ಅದು ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಒಣಗಬೇಕು.

ಆಮೇಲೆ ಬೆನ್ನಿನ ಕೆಲಸ. ಸಾಲ್ಮನ್ ಮೀನಿನ ಚರ್ಮ ಕುದಿಸಿ ಅಂಟು ಮಾಡುತ್ತಿದ್ದ. ಜಿಂಕೆಯ ಕಾಲಿನ ನರವನ್ನು ಬಾಯಲ್ಲಿ ಜಗಿದು ಮೆತ್ತಗೆ ಮಾಡಿ, ಎಳೆ ಎಳೆಯಾಗಿ ಬಿಡಿಸಿ, ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ಇಡೀ ಬೆನ್ನಿಗೆ ದಪ್ಪನಾಗಿ ಹಾಸುತ್ತಿದ್ದ. ಅದರ ಮೇಲೆ ವಿಲ್ಲೋ ಮರದ ತೊಗಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಿದ್ದ. ಹಲವು ದಿನಗಳ ಮೇಲೆ ಪಟ್ಟಿ ಬಿಚ್ಚಿ, ಅಂಚುಗಳನ್ನು ಸವರಿ, ಮತ್ತೆ ಕಲ್ಲಿನಿಂದ ಉಜ್ಜುತ್ತಿದ್ದ. ಹಿಗ್ಗುವ ಭಾರವನ್ನು ಈಗ ನರ ಹೊರುತ್ತದೆ. ಅಷ್ಟು ಗಿಡ್ಡ ಬಿಲ್ಲು ಅಷ್ಟೊಂದು ಬಾಗಿಯೂ ಮುರಿಯದಿರುವುದಕ್ಕೆ ಇದೇ ಕಾರಣ. ಮುರಿದ ಕೈಗೆ ವೈದ್ಯ ಪಟ್ಟಿ ಸುತ್ತಿ ದಿನ ಎಣಿಸುವುದಕ್ಕೂ ಇದಕ್ಕೂ ಎಷ್ಟು ದೂರ?

ಬಿಲ್ಲಿನ ಬಲ ಸುಮಾರು 40 ಪೌಂಡ್ ಮಾತ್ರ. ಮೇರಿ ರೋಸ್‌ನ ಬಿಲ್ಲುಗಳ ಮುಂದೆ ಅದು ಆಟಿಕೆ. ಆದರೆ ಅದು ಯುದ್ಧದ ಬಿಲ್ಲಲ್ಲ, ಅನ್ನದ ಬಿಲ್ಲು. ದೂರ ಹೊಡೆಯುವುದಕ್ಕಿಂತ ಹತ್ತಿರ ಹೋಗುವುದನ್ನು ಇಶಿ ನಂಬಿದ್ದ. ದೊಡ್ಡ ಗುರಿಹಲಗೆಗೆ ಹೊಡೆಯುವುದರಲ್ಲಿ ಅವನು ಅಂಥ ಜಾಣನಲ್ಲವೆಂದೂ ಬೇಟೆಯಲ್ಲಿ ಅವನನ್ನು ಮೀರಿಸುವುದು ಕಷ್ಟವೆಂದೂ ಪೋಪ್ ಬರೆದಿದ್ದಾನೆ. ಬಿಲ್ಲಿನ ಬಗ್ಗೆ ಅವನಿಗೆ ಕಟ್ಟುಪಾಡುಗಳಿದ್ದವು. ಅದನ್ನು ಯಾರೂ ದಾಟಬಾರದು. ನಿಲ್ಲಿಸಿಟ್ಟರೆ ಅದು ಬೆವರುತ್ತದೆ, ದಣಿಯುತ್ತದೆ; ಕೆಲಸವಿಲ್ಲದಾಗ ಮಲಗಿಸಬೇಕು. ಕೆಲವು ಸಲ ಬಿಲ್ಲಿನ ತುದಿಯನ್ನು ತೆರೆದ ಬಾಯಿಯ ಹತ್ತಿರ ಹಿಡಿದು, ಹೆದೆಯನ್ನು ಬಾಣದಿಂದ ಮೆಲ್ಲಗೆ ತಟ್ಟುತ್ತ ಹಾಡುತ್ತಿದ್ದನಂತೆ. ಆ ಹಾಡಿನ ಮಾತು ಪೂರ್ತಿ ತಿಳಿಯಬಲ್ಲ ಕಿವಿ ಆಗ ಭೂಮಿಯ ಮೇಲೆ ಒಂದೂ ಇರಲಿಲ್ಲ.

ರವಿವಾರ ಮಧ್ಯಾಹ್ನ ಜನ ಮ್ಯೂಸಿಯಮ್‌ಗೆ ಬಂದು ಅವನು ಬೆಂಕಿ ಹೊತ್ತಿಸುವುದನ್ನೂ ಬಾಣದ ಮೊನೆ ಮಾಡುವುದನ್ನೂ ನೋಡುತ್ತಿದ್ದರು. ಅವನು ಮಾಡಿದ ವಸ್ತುಗಳು ಗಾಜಿನ ಕಪಾಟು ಸೇರಿದವು. ಅವನು ಅಲ್ಲಿ ಅತಿಥಿಯೋ, ನೌಕರನೋ, ಪ್ರದರ್ಶನದ ವಸ್ತುವೋ ಎಂಬ ಪ್ರಶ್ನೆಯನ್ನು ಇಂದಿನ ಓದುಗ ಕೇಳದೆ ಇರಲಾರ. 1914ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್ ಸೇರಿ ಅವನನ್ನು ಡೀರ್ ಕ್ರೀಕ್ ಕಣಿವೆಗೆ ಕರೆದೊಯ್ದರು. ಸತ್ತವರ ನಾಡಿಗೆ ಮರಳಲು ಅವನಿಗೆ ಮೊದಲು ಮನಸ್ಸಿರಲಿಲ್ಲ. ಹೋದ ಮೇಲೆ ಪ್ರತಿಯೊಂದು ಹಳ್ಳ, ಪ್ರತಿಯೊಂದು ಬಂಡೆಯ ಹೆಸರು ಹೇಳಿದ.

1916ರ ಮಾರ್ಚ್ 25ರಂದು ಇಶಿ ಕ್ಷಯರೋಗದಿಂದ ತೀರಿಕೊಂಡ. ಅವನ ದೇಹವನ್ನು ಕೊಯ್ಯಬಾರದೆಂದು ದೂರದ ಊರಿನಲ್ಲಿದ್ದ ಕ್ರೋಬರ್ ಬರೆದ ಪತ್ರ ತಲುಪುವ ಮೊದಲೇ ಕೆಲಸ ಮುಗಿದುಹೋಗಿತ್ತು. ಅವನ ಒಂದು ಬಿಲ್ಲು, ಐದು ಬಾಣ, ಒಂದು ಬುಟ್ಟಿ ಓಕ್ ಕಾಯಿಯ ಹಿಟ್ಟಿನೊಂದಿಗೆ ದೇಹವನ್ನು ದಹಿಸಿದರು. ಆದರೆ ಮೆದುಳನ್ನು ತೆಗೆದಿಟ್ಟಿದ್ದರು. 1917ರಲ್ಲಿ ಅದನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದವನು, ಕೊಯ್ಯಬಾರದೆಂದು ಬರೆದಿದ್ದ ಅದೇ ಕ್ರೋಬರ್. ಎಂಬತ್ತಕ್ಕೂ ಹೆಚ್ಚು ವರ್ಷ ಅದು ಅಲ್ಲಿ ಉಳಿಯಿತು. ಸಂಬಂಧಿ ಬುಡಕಟ್ಟುಗಳ ಜನ ಕೇಳಿ ಹೋರಾಡಿದ ಮೇಲೆ, 2000ದಲ್ಲಿ, ಅದನ್ನು ಅವರಿಗೆ ಒಪ್ಪಿಸಲಾಯಿತು. ಮೆದುಳನ್ನೂ ಬೂದಿಯನ್ನೂ ಒಂದುಗೂಡಿಸಿ ಅವರು ಎಲ್ಲಿ ಹೂತರೆಂಬುದನ್ನು ಹೊರಗಿನವರಿಗೆ ಹೇಳಿಲ್ಲ. 2021ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ತನ್ನ ಕಟ್ಟಡವೊಂದಕ್ಕಿದ್ದ ಕ್ರೋಬರನ ಹೆಸರನ್ನು ತೆಗೆದುಹಾಕಿತು.

ಪೋಪ್ 1918ರಲ್ಲಿ ಯಾಹಿ ಬಿಲ್ಲಿನ ಬಗ್ಗೆಯೂ 1923ರಲ್ಲಿ ಬಿಲ್ಲು ಬಾಣದ ಬೇಟೆಯ ಬಗ್ಗೆಯೂ ಬರೆದ. ಅಮೆರಿಕದಲ್ಲಿ ಮರದ ಬಿಲ್ಲು ಮಾಡುವ ಹವ್ಯಾಸ ಮತ್ತೆ ಚಿಗುರಿದ್ದಕ್ಕೆ ಆ ಪುಸ್ತಕಗಳು ಮುಖ್ಯ ಕಾರಣ. ಇವತ್ತು ಅಲ್ಲಿ ತನ್ನ ಮನೆಯ ಹಿತ್ತಲಲ್ಲಿ ಒಂದು ಕೋಲನ್ನು ಕೆರೆಯುತ್ತ, ಹಿಂದೆ ಸರಿದು ನೋಡುವ ಮನುಷ್ಯನ ಹಿಂದೆ, ಹೆಸರು ಹೇಳದೆ ಹೋದ ಒಬ್ಬ ಗುರು ನಿಂತಿದ್ದಾನೆ.

ಇಶಿಯನ್ನು ಬಹಳ ಜನ ಶುದ್ಧ ಯಾಹಿ ಎಂದೂ, ಹೊರಗಿನ ಸೋಂಕೇ ತಾಗದ ಕೊನೆಯವನೆಂದೂ ವರ್ಣಿಸಿದ್ದುಂಟು. 1990ರ ದಶಕದಲ್ಲಿ ಸ್ಟೀವನ್ ಶ್ಯಾಕ್ಲಿ ಎಂಬ ಪುರಾತತ್ವಜ್ಞ ಅವನ ಬಾಣದ ಮೊನೆಗಳನ್ನು ಪರೀಕ್ಷಿಸಿದ. ಅವು ಹಳೆಯ ಯಾಹಿ ಮೊನೆಗಳಿಗಿಂತ ನೆರೆಯ ವಿಂಟು, ನೊಮ್ಲಾಕಿ ಜನರ ಮೊನೆಗಳನ್ನು ಹೆಚ್ಚು ಹೋಲುತ್ತಿದ್ದವು. ಬಹುಶಃ ಅವನ ಮನೆಯಲ್ಲಿ ನೆರೆಯ ಬುಡಕಟ್ಟಿನ ರಕ್ತವಿತ್ತು, ಅಥವಾ ಗುರು ಆ ಕಡೆಯವನಿದ್ದ. ಸಾವು ಸುತ್ತುವರಿದಾಗ ಸಣ್ಣ ಜನಗಳು ಒಬ್ಬರೊಳಗೊಬ್ಬರು ಸೇರಿ ಬದುಕಿದ್ದವು ಎಂದಾಯಿತು. ಕೈಯ ವಿದ್ಯೆಗೆ ಶುದ್ಧ ಕುಲವಿಲ್ಲ. ವೈರಿಗಳ ವಂಶದ ವೈದ್ಯನಿಗೂ ಅದನ್ನು ಕೊಡಬಹುದು ಎಂದು ಇಶಿ ತೋರಿಸಿದ.

ಕ್ಯಾಲಿಫೋರ್ನಿಯಾದ ಆ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ನನ್ನ ಮುರಿದ ಬಿದಿರು ನೆನಪಾಗುತ್ತದೆ. ಸೆಟೆದು ನಿಂತವರನ್ನು ಯಾರೂ ಮುಟ್ಟಲಿಲ್ಲ. ಮೊದಲೇ ತೆಳುವಾಗಿದ್ದವರನ್ನು ಕೆರೆದರು. ಕೆರೆಯಲು ಸುಲಭ ಎಂಬುದಷ್ಟೇ ಅದಕ್ಕೆ ಕಾರಣ. ಬೇರೆ ದೇಶ, ಬೇರೆ ಕಾಲಗಳಲ್ಲಿ ಇದು ನಡೆದಿಲ್ಲ, ನಡೆಯುತ್ತಿಲ್ಲ ಎನ್ನುವ ಧೈರ್ಯ ನನಗಿಲ್ಲ.

ಕಮಾನ್‌ಗರ್ ಮೂಳೆ ಕೂಡಿಸುವವನೂ ಏಕಾದ ಎಂಬುದು ಈಗ ಒಂದಿಷ್ಟು ತಿಳಿದಂತಿದೆ. ಎಲ್ಲಿ ಬಿಗಿದಿದೆ, ಎಲ್ಲಿ ಸೋತಿದೆ ಎಂದು ಮುಟ್ಟಿದ ಕೂಡಲೇ ಅರಿಯುವ ಬೆರಳು ಎರಡು ಕೆಲಸಕ್ಕೂ ಬೇಕು. ಎರಡರಲ್ಲೂ ನರ, ಅಂಟು, ಪಟ್ಟಿ, ಕಾಯುವ ತಾಳ್ಮೆ ಬೇಕು. ಪೋಪ್ ಮೂಳೆಯಿಂದ ಬಿಲ್ಲಿಗೆ ಬಂದ, ನಮ್ಮ ಕಮಾನ್‌ಗರ್ ಬಿಲ್ಲಿನಿಂದ ಮೂಳೆಗೆ ಹೋದ.

ನಮ್ಮ ಓಣಿಯ ಬಡಿಗೇರ ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಅವರ ಉಳಿ, ಬಾಚಿ ಎಲ್ಲಿ ಹೋದವೋ ಗೊತ್ತಿಲ್ಲ. ನನಗೆ ಅವರಿಂದ ಸಿಕ್ಕಿದ್ದು ಆ ಒಂದು ಮಾತು, ಅದೂ ನಾನಾಗಿ ಕೇಳಿ ಪಡೆದದ್ದಲ್ಲ. ಅವರ ಕೈಯಲ್ಲಿ ಇನ್ನೂ ಎಷ್ಟು ಮಾತುಗಳಿದ್ದವೋ, ನಾನು ಅವರ ಪಕ್ಕದಲ್ಲಿ ಒಂದು ದಿನವೂ ಕೂರಲಿಲ್ಲ.